83 ಇದ್ದದ್ದು 47 ಆದದ್ದು: ಮಾಸ್ಟ್ರ ಮಾರಿಯೋ ಪ್ರಕರಣ

ಚೌತಿಯ ಮರುದಿನ ಬೆಳಿಗ್ಗೆ ಏಳೂವರೆಗೆ ಮಾಸ್ಟ್ರ ಫೋನು. ಬದಿಯಡ್ಕದ ನನ್ನ ಅಂಗಡಿಯ ಶಟರ್ ಇನ್ನೂ ಎತ್ತಿರಲಿಲ್ಲ.

"ಮಾರಾಯ, ನನ್ನ ಎಂಬತ್ತಮೂರು ನಲವತ್ತೇಳು ಆಗಿದೆ. ಎಂತ ಆದದ್ದು ಅಂತ ಗೊತ್ತಾಗುವುದಿಲ್ಲ. ಆದರೆ ಇವತ್ತೇ ಬಾ."

ಪಕ್ಕದಲ್ಲಿ ನಿಂತು ಕೇಳಿದವರು ಬಿಪಿ ಲೆಕ್ಕವೋ ಶುಗರ್ ಲೆಕ್ಕವೋ ಎಂದುಕೊಳ್ಳಬಹುದಿತ್ತು. ಅದು ಸೂಪರ್ ಮಾರಿಯೋ ವರ್ಲ್ಡ್ ಆಟದ ಲೆಕ್ಕ. ಆ ಆಟದಲ್ಲಿ ಒಟ್ಟು 96 ದಾರಿಗಳು. ಕೆಲವು ಹಂತಗಳಿಗೆ ಒಂದು ನೇರ ದಾರಿ, ಒಂದು ಗುಟ್ಟಿನ ದಾರಿ. ಎಷ್ಟು ಕಂಡುಹಿಡಿದಿದ್ದೀರಿ ಎಂಬ ಸಂಖ್ಯೆ ಆಟ ತೆರೆದ ಕೂಡಲೇ ಮಾರಿಯೋ ಎ, ಮಾರಿಯೋ ಬಿ, ಮಾರಿಯೋ ಸಿ ಎಂಬ ಮೂರು ಖಾತೆಗಳ ಎದುರು ಕಾಣುತ್ತದೆ. 76 ವರ್ಷದ ನಿವೃತ್ತ ಕನ್ನಡ ಮಾಸ್ಟ್ರು ಒಂದೂವರೆ ವರ್ಷ ಕುಳಿತು 83 ಮಾಡಿದ್ದರು. ಬೆಳಿಗ್ಗೆ ಕಾಫಿ ಕುಡಿದು ಲ್ಯಾಪ್‌ಟಾಪ್ ತೆರೆದರೆ 47.

ನನಗೆ ಕಲಿಸಿದವರು. ಹೋಗದೆ ಇರುವ ಹಾಗಿಲ್ಲ. ಒಂಬತ್ತರ ಬಸ್ಸಿಗೆ ಪೆರ್ಲಕ್ಕೆ ಹೊರಟೆ. ಅಲ್ಲಿ ಆದದ್ದನ್ನು ಮಾಸ್ಟ್ರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರ ಷರತ್ತು ಒಂದೇ, "ಹೆಸರು ಬೇಡ, ಲೆಕ್ಕ ತಪ್ಪಬಾರದು."

ಹಿನ್ನೆಲೆ

1990ರ ದಶಕದಲ್ಲಿ ಮಾಸ್ಟ್ರ ಮಗ ದುಬಾಯಿಯಲ್ಲಿದ್ದ. ಊರಿಗೆ ಬರುವಾಗ ಟೇಪ್ ರೆಕಾರ್ಡರ್, ಸೆಂಟು, ಹಾಲಿನ ಪುಡಿಯ ಜೊತೆಗೆ ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ ಎಂಬ ಯಂತ್ರವೊಂದನ್ನು ತಂದಿದ್ದ. 1990ರ ನವೆಂಬರ್ 21ರಂದು ಜಪಾನಿನಲ್ಲಿ ಆ ಯಂತ್ರ ಬಿಡುಗಡೆಯಾದ ದಿನವೇ ಅದರ ಜೊತೆ ಬಂದ ಆಟ ಸೂಪರ್ ಮಾರಿಯೋ ವರ್ಲ್ಡ್. ಆಗ ಅದನ್ನು ಬಯ್ದವರು ಮಾಸ್ಟ್ರೇ. ನಿವೃತ್ತಿಯಾದ ಮೇಲೆ ಅಟ್ಟದಿಂದ ಇಳಿಸಿ ಒರಸಿ ಆಡಲು ಕುಳಿತವರೂ ಅವರೇ. ಒಂದು ತುಲಾ ತಿಂಗಳ ಸಿಡಿಲಿಗೆ ಯಂತ್ರ ಹೋಯಿತು. ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ, ಅಂದರೆ ಕಾರ್ಟ್ರಿಜ್, ಉಳಿಯಿತು. ಆದರೆ ಅದರೊಳಗಿನ ಬ್ಯಾಟರಿ ಅಷ್ಟರಲ್ಲಿ ಸತ್ತು, ಹಿಂದೆ ಆಡಿದ್ದೆಲ್ಲ ಅಳಿಸಿಹೋಗಿತ್ತು. ಹಾಗಾಗಿ 'ಸೇವ್' ಎಂಬ ಶಬ್ದದ ಮೇಲೆ ಮಾಸ್ಟ್ರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ನಮ್ಮ ವಯಸ್ಸಿನವರಿಗೆ ಆ ಸಮಸ್ಯೆಯೇ ಇರಲಿಲ್ಲ, ಯಾಕೆಂದರೆ ಸೇವ್ ಎಂಬುದೇ ಇರಲಿಲ್ಲ. ನಾವು ಆಡಿದ್ದು ಪೇಟೆಯಲ್ಲಿ ಸಿಗುತ್ತಿದ್ದ ನಕಲಿ ಟಿವಿ ಗೇಮು, ಹಳದಿ ಕ್ಯಾಸೆಟ್ಟು, 1985ರ ಹಳೆಯ ಮಾರಿಯೋ. ಜೀವಗಳೆಲ್ಲ ಮುಗಿದರೆ ಎ ಬಟನ್ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿದರೆ ಅದೇ ಲೋಕದ ಮೊದಲ ಹಂತದಿಂದ ಶುರು ಮಾಡಬಹುದಿತ್ತು. ಕರೆಂಟ್ ಹೋದರೆ ಮಾತ್ರ ಪುನಃ 1-1. ಮಳೆಗಾಲದಲ್ಲಿ ನಮ್ಮೂರಲ್ಲಿ ಎಂಟನೇ ಲೋಕ ಕಂಡವನಿಗೆ ಮರ್ಯಾದೆಯೇ ಬೇರೆ ಇತ್ತು.

ಒಂದೂವರೆ ವರ್ಷದ ಹಿಂದೆ ಮಾಸ್ಟ್ರ ಹಳೆಯ ಲ್ಯಾಪ್‌ಟಾಪಿಗೆ ಹಳೆಯ ಆಟಗಳನ್ನು ಆಡಿಸುವ ರೆಟ್ರೋಆರ್ಚ್ ಎಂಬ ತಂತ್ರಾಂಶ ಹಾಕಿ, ಅದರಲ್ಲಿ ಸ್ನೆಸ್9ಎಕ್ಸ್ ಎಂಬ ಎಮ್ಯುಲೇಟರ್ (ಕಂಪ್ಯೂಟರನ್ನೇ ಸೂಪರ್ ನಿಂಟೆಂಡೊ ಹಾಗೆ ನಡೆಸುವ ಪ್ರೋಗ್ರಾಂ) ಇಳಿಸಿ, ಒಂದು ಯುಎಸ್‌ಬಿ ಕಂಟ್ರೋಲರ್ ಜೋಡಿಸಿ ಕೊಟ್ಟವನು ನಾನು. ಆ ಲ್ಯಾಪ್‌ಟಾಪಿನ ಬ್ಯಾಟರಿಯೂ ಸತ್ತಿದೆ, ಪ್ಲಗ್ ಕಿತ್ತರೆ ಅಲ್ಲಿಗೇ ಆರುತ್ತದೆ. ಅಂಥದ್ದರಲ್ಲಿ ಆಡುವಾಗ ಕರೆಂಟ್ ಹೋದರೆ ಎಂಬ ಹೆದರಿಕೆಗೆ ಸೆಟ್ಟಿಂಗಿನಲ್ಲಿ ಒಂದು ಏರ್ಪಾಡು ಮಾಡಿದ್ದೆ. ಸಾಮಾನ್ಯವಾಗಿ ಆಟದ ಸೇವ್ ಹಾರ್ಡ್ ಡಿಸ್ಕಿಗೆ ಬರೆದಾಗುವುದು ಆಟ ಮುಚ್ಚುವಾಗ. ಅದರ ಬದಲು, ಬದಲಾವಣೆ ಇದ್ದರೆ ಹತ್ತು ಸೆಕೆಂಡಿಗೊಮ್ಮೆ ಬರೆಯುವಂತೆ ಇಟ್ಟಿದ್ದೆ. ಅದನ್ನು ಮಾಡಿದ ದಿನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆಡುವವರು ಇಬ್ಬರು. ಮಾಸ್ಟ್ರು ಮಧ್ಯಾಹ್ನದ ನಿದ್ದೆ ಮುಗಿಸಿ, ದಿನವೂ. ಮೊಮ್ಮಗಳು ಮಂಗಳೂರಿನ ಹಾಸ್ಟೆಲಿನಿಂದ ರಜೆಗೆ ಬಂದಾಗ. ಅಜ್ಜನದ್ದು ಮಾರಿಯೋ ಎ, ಅವಳದ್ದು ಮಾರಿಯೋ ಬಿ. ಮಾಸ್ಟ್ರ ಭಾಷೆಯಲ್ಲಿ ಎ ಡಿವಿಷನ್, ಬಿ ಡಿವಿಷನ್.

ಮಾಸ್ಟ್ರು ಡೈರಿ ಇಡುತ್ತಾರೆ. ಅಡಿಕೆಯ ರೇಟು, ಮಳೆಯ ಲೆಕ್ಕ, ಅದರ ಕೆಳಗೆ ಅವತ್ತು ಆಟದಲ್ಲಿ ಎಷ್ಟಾಯಿತು ಎಂಬ ಸಂಖ್ಯೆ. ಹಂತಗಳಿಗೆ ಅವರದ್ದೇ ಹೆಸರುಗಳು. ಆಟದಲ್ಲಿ 'ಘೋಸ್ಟ್ ಹೌಸ್' ಎಂಬ ಮನೆಗಳಿವೆ. ಅಲ್ಲಿ ಬಿಳಿಯ ಉಂಡೆಯಂಥ ಪ್ರೇತಗಳು, ನಾವು ತಿರುಗಿ ನೋಡಿದರೆ ಕೈಯಿಂದ ಮುಖ ಮುಚ್ಚಿಕೊಳ್ಳುತ್ತವೆ. ಮೊಮ್ಮಗಳು 'ಭೂತದ ಮನೆ' ಅಂದಾಗ ಮಾಸ್ಟ್ರು ತಡೆದಿದ್ದರಂತೆ. ನಮ್ಮಲ್ಲಿ ಭೂತ ಎಂದರೆ ದೈವ, ನಾಚಿಕೊಂಡು ಮುಖ ಮುಚ್ಚುವಂಥದ್ದಲ್ಲ. ಡೈರಿಯಲ್ಲಿ ಅದು 'ನಾಚುಗುಂಡನ ಮನೆ'. ಈ ಮನೆಗಳಿಗೂ ನಮ್ಮ ಪ್ರಕರಣಕ್ಕೂ ಸಂಬಂಧ ಉಂಟು: ಈ ಆಟ ಬೇಕೆಂದಾಗ ಸೇವ್ ಮಾಡಲು ಬಿಡುವುದಿಲ್ಲ. ಕೋಟೆಯನ್ನೋ ಸ್ವಿಚ್ ಅರಮನೆಯನ್ನೋ ನಾಚುಗುಂಡನ ಮನೆಯನ್ನೋ ದಾಟಿದಾಗ ಮಾತ್ರ "ಸೇವ್ ಮಾಡಲೇ?" ಎಂದು ಕೇಳುತ್ತದೆ. ಆದ್ದರಿಂದ ಮಾಸ್ಟ್ರು ಎಲ್ಲಿ ಏನು ಗೆದ್ದರೂ ನಕಾಶೆಯಲ್ಲಿ ಹಿಂದೆ ನಡೆದು ಹೋಗಿ, ಮೊದಲೇ ದಾಟಿದ ನಾಚುಗುಂಡನ ಮನೆಯನ್ನು ಇನ್ನೊಮ್ಮೆ ದಾಟಿ, ಸೇವ್ ಮಾಡಿಸಿ ಬರುತ್ತಿದ್ದರು. ಸಂಜೆ ರಿಜಿಸ್ಟರನ್ನು ಆಫೀಸಿನಲ್ಲಿಟ್ಟು ಮನೆಗೆ ಹೋಗುವ ಅಭ್ಯಾಸ.

ಹೋಗಿ ನೋಡಿದಾಗ

ಜಗಲಿಯಲ್ಲಿ ಪಂಚಾತಿಕೆ ಆಗಲೇ ಶುರುವಾಗಿತ್ತು. ಮಾಸ್ಟ್ರ ಪ್ರಕಾರ ಕಾರಣ ಕರೆಂಟು, ಹಬ್ಬದ ದಿನ ಸಂಜೆ ಎರಡು ಸಲ ಹೋಗಿತ್ತು. ಅಮ್ಮನವರ ಪ್ರಕಾರ ಕಾರಣ ಆ ಆಟವೇ. ಹಬ್ಬಕ್ಕೆ ಬಂದಿದ್ದ ಭಾವ ವೈರಸ್ ಎಂದರು. ಮೊಮ್ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

"ಅಣ್ಣ, ನಿನ್ನೆ ಆಡಿದ್ದು ಹೌದು. ಮಕ್ಕಳಿಗೆ ತೋರಿಸ್ಲಿಕ್ಕೆ. ಆದ್ರೆ ಆಡಿದ್ದು ನನ್ನ ಬಿಯಲ್ಲಿ. ಅಜ್ಜನ ಎ ಮುಟ್ಟಲೇ ಇಲ್ಲ."

ಅವಳು ಸುಳ್ಳು ಹೇಳುವವಳಲ್ಲ. ಹೇಳಿದ್ದು ನಿಜವೂ ಆಗಿತ್ತು. ಎ ಮುಟ್ಟದೆ ಎ ಕೆಡುವುದು ಹೇಗೆ ಎಂಬುದೇ ಈ ಪ್ರಕರಣ.

ಮೊದಲು ವೈರಸ್ಸನ್ನೂ ಕರೆಂಟನ್ನೂ ಪಕ್ಕಕ್ಕಿಟ್ಟೆ. ಈ ಆಟದ ಸೇವ್ ಹೇಗಿರುತ್ತದೆಂದು ಗೊತ್ತಿದ್ದರೆ ಅದು ಕಷ್ಟವಲ್ಲ. ಕಾರ್ಟ್ರಿಜ್ಜಿನೊಳಗೆ ಆಟದ ಚಿಪ್ ಬೇರೆ, ಸೇವ್ ಉಳಿಸುವ ಸಣ್ಣ ರ್‍ಯಾಮ್ ಚಿಪ್ ಬೇರೆ. ಈ ಆಟದ್ದು ಬರೀ 2 ಕೆಬಿ, ಅಂದರೆ 2048 ಬೈಟ್. ಅದಕ್ಕೆ ಜೀವ ಕೊಡುವುದು 3 ವೋಲ್ಟಿನ ಸಿಆರ್2032 ಎಂಬ ಬಿಲ್ಲೆ ಬ್ಯಾಟರಿ. ಆ ಎರಡು ಸಾವಿರ ಚಿಲ್ಲರೆಯಲ್ಲೂ ಆಟ ಬಳಸುವುದು ಅರ್ಧಕ್ಕಿಂತ ಕಡಿಮೆ. ಒಂದು ಖಾತೆಗೆ 143 ಬೈಟ್, ಮೂರು ಖಾತೆ, ಮತ್ತು ಪ್ರತಿ ಖಾತೆಗೂ ಒಂದೊಂದು ನಕಲು: ಒಟ್ಟು 858. 143ರಲ್ಲಿ ಕೊನೆಯ ಎರಡು ಬೈಟ್ ತಾಳೆ ನೋಡಲಿಕ್ಕೆ. ಉಳಿದ 141ನ್ನು ಕೂಡಿಸಿದ ಮೊತ್ತ ಅದರೊಂದಿಗೆ ಹೊಂದದಿದ್ದರೆ ಆಟ ಆ ಖಾತೆಯನ್ನು ನಂಬುವುದಿಲ್ಲ, ನಕಲನ್ನು ತೆಗೆದುಕೊಳ್ಳುತ್ತದೆ. ನಕಲೂ ಹೊಂದದಿದ್ದರೆ ಖಾತೆ ಖಾಲಿ ಎಂದು ತೋರಿಸುತ್ತದೆ.

ಅಂದರೆ ಅರ್ಧ ಬರೆಯುವಾಗ ಕರೆಂಟ್ ಹೋಗಿಯೋ ಇನ್ನೊಂದಾಗಿಯೋ ಫೈಲು ಕೆಟ್ಟಿದ್ದರೆ ಮಾಸ್ಟ್ರಿಗೆ ಕಾಣಬೇಕಾದ್ದು ಒಂದೋ ನಕಲಿನಲ್ಲಿದ್ದ ಲೆಕ್ಕ, ಇಲ್ಲವೇ 'ಖಾಲಿ'. 47 ಅಲ್ಲ. ಕೆಟ್ಟುಹೋದ ಲೆಕ್ಕ ಇಷ್ಟು ಚೊಕ್ಕವಾಗಿ ಹಿಂದಿನ ಸಂಖ್ಯೆಗೆ ಹೋಗಿ ನಿಲ್ಲುವುದಿಲ್ಲ.

"ಮಾಸ್ಟ್ರೇ, 47 ಅಂತ ಡೈರಿಯಲ್ಲಿ ಯಾವಾಗ ಬರೆದಿದ್ದೀರಿ?"

ಕನ್ನಡಕ ಹಾಕಿ ಪುಟ ತಿರುವಿದರು. ಮೇ ತಿಂಗಳ ಎರಡನೇ ವಾರ. ಮೊಮ್ಮಗಳಿಗೆ ಬೇಸಿಗೆ ರಜೆ ಇದ್ದ ದಿನಗಳು.

"ಬಿಯಲ್ಲಿ ನಿನ್ನದು ಎಷ್ಟಿತ್ತು?" ಎಂದು ಅವಳನ್ನು ಕೇಳಿದೆ. "ಮೂವತ್ತೊಂದು." ತೆರೆದು ತೋರಿಸಿದೆ. ಬಿ ಎದುರು 19 ಇತ್ತು. ಬೆಳಿಗ್ಗೆಯಿಂದ ಮನೆಯವರೆಲ್ಲ ಎಯನ್ನೇ ನೋಡಿದ್ದರು, ಬಿಯನ್ನು ಯಾರೂ ನೋಡಿರಲಿಲ್ಲ. ಅವಳಿಗೆ ತನ್ನದೂ ಹೋಗಿದೆ ಎಂದು ಗೊತ್ತಾದದ್ದು ಆಗಲೇ.

ಬಿಯೂ ಇಳಿದಿದೆ ಎಂದ ಮೇಲೆ ಯಾರೋ ಒಬ್ಬರು ಅಜ್ಜನ ಖಾತೆಯನ್ನು ಕೆದಕಿದ್ದಲ್ಲ. ಇಡೀ ಚಿಪ್ಪೇ ಮೇ ತಿಂಗಳಿಗೆ ಹೋಗಿತ್ತು.

ಎರಡು ಬಗೆಯ ಸೇವ್

ಎಮ್ಯುಲೇಟರಿನಲ್ಲಿ ಸೇವ್ ಎಂಬುದು ಎರಡು ಬೇರೆ ಬೇರೆ ವಸ್ತುಗಳಿಗೆ ಇಟ್ಟ ಒಂದೇ ಹೆಸರು. ಗೊಂದಲವೆಲ್ಲ ಇಲ್ಲಿಂದಲೇ.

ಒಂದು, ಆಟದೊಳಗಿನ ಸೇವ್. ಕಾರ್ಟ್ರಿಜ್ಜಿನ ಆ 2 ಕೆಬಿ ಚಿಪ್ಪಿಗೆ ಬದಲಾಗಿ ಕಂಪ್ಯೂಟರಿನಲ್ಲಿ 2 ಕೆಬಿಯ ಒಂದು ಫೈಲ್, ಹೆಸರಿನ ಕೊನೆಯಲ್ಲಿ ಡಾಟ್ ಎಸ್‌ಆರ್‌ಎಂ. ಆಟಕ್ಕೆ ತಾನು ಎಮ್ಯುಲೇಟರಿನಲ್ಲಿದ್ದೇನೆಂದು ಗೊತ್ತಿಲ್ಲ, ಚಿಪ್ಪಿಗೆ ಬರೆಯುತ್ತಿದ್ದೇನೆ ಎಂದೇ ಬರೆಯುತ್ತದೆ. ಈ ಫೈಲನ್ನು ಬೇರೆ ಎಮ್ಯುಲೇಟರಿಗೋ ಮೊಬೈಲಿಗೋ ಒಯ್ದರೂ ನಡೆಯುತ್ತದೆ, ಫೈಲಿನ ಹೆಸರು ಆಟದ ಫೈಲಿನ ಹೆಸರಿಗೆ ಸರಿಹೊಂದಬೇಕು ಅಷ್ಟೇ.

ಇನ್ನೊಂದು, ಸೇವ್ ಸ್ಟೇಟ್. ಇದು ಆಟಕ್ಕೆ ಗೊತ್ತೇ ಇಲ್ಲದ ಸೇವ್. ಎಫ್2 ಒತ್ತಿದ ಕ್ಷಣದಲ್ಲಿ ಯಂತ್ರದ ಒಳಗೆ ಏನೇನಿದೆಯೋ ಅಷ್ಟನ್ನೂ ಎಮ್ಯುಲೇಟರ್ ಎತ್ತಿ ಒಂದು ಫೈಲಿನಲ್ಲಿಡುತ್ತದೆ: ಪ್ರೊಸೆಸರ್ ಎಲ್ಲಿ ನಿಂತಿದೆ, ಮೆಮರಿಯಲ್ಲೇನಿದೆ, ಮಾರಿಯೋ ನೆಲದಿಂದ ಎಷ್ಟು ಮೇಲೆ ಹಾರಿದ್ದಾನೆ, ಎಲ್ಲ. ಎಫ್4 ಒತ್ತಿದರೆ ಪುನಃ ಅದೇ ಕ್ಷಣ. ಕೋಟೆ ಬೇಡ, ನಾಚುಗುಂಡನ ಮನೆ ಬೇಡ. ಮೊಮ್ಮಗಳಿಗೆ ಅಭ್ಯಾಸ ಇದೇ. ಹಾಸ್ಟೆಲಿನ ಹುಡುಗಿಗೆ ಹಿಂದೆ ನಡೆದು ಹೋಗಿ ಸೇವ್ ಮಾಡುವ ಪುರುಸೊತ್ತು ಎಲ್ಲಿ.

ಮಾಸ್ಟ್ರಿಗೆ ಇದನ್ನು ಹೇಳುವಾಗ ಶಾಲೆಯನ್ನೇ ತಂದೆ. "ನೀವು ಮಾಡುವ ಸೇವ್ ಎಂದರೆ ಹಾಜರಿ ಪುಸ್ತಕ ಬರೆಯುವುದು. ಅವಳು ಮಾಡುವ ಸೇವ್ ಎಂದರೆ ಇಡೀ ಶಾಲೆಯನ್ನು ಇದ್ದ ಹಾಗೆಯೇ ಅಚ್ಚು ತೆಗೆದಿಡುವುದು. ಬೋರ್ಡಿನ ಮೇಲಿನ ಅಕ್ಷರ, ಎತ್ತಿದ ಬೆತ್ತ, ಅರ್ಧ ತಿಂದ ಬಿಸ್ಕಿಟು. ಆ ಅಚ್ಚನ್ನು ಪುನಃ ಕೂರಿಸಿದರೆ ಶಾಲೆ ಆ ದಿನಕ್ಕೆ ಹೋಗುತ್ತದೆ."

ಮಾಸ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಕೇಳಿದರು, "ಆ ಶಾಲೆಯ ಮೇಜಿನ ಮೇಲೆ ಹಾಜರಿ ಪುಸ್ತಕವೂ ಇರ್ತದಲ್ಲ?"

ಅದೇ. ಅಷ್ಟೇ. ಸ್ನೆಸ್9ಎಕ್ಸ್ ಮಾಡುವ ಸ್ಟೇಟಿನೊಳಗೆ ಆ 2 ಕೆಬಿ ಸೇವ್ ಚಿಪ್ಪಿನ ಪ್ರತಿಯೂ ಸೇರಿರುತ್ತದೆ. ಮೇ ತಿಂಗಳ ಸ್ಟೇಟನ್ನು ಕೂರಿಸಿದಾಗ ಹಾಜರಿ ಪುಸ್ತಕವೂ ಮೇ ತಿಂಗಳದ್ದೇ ಬಂದು ಕೂರುತ್ತದೆ. ಎ ಡಿವಿಷನ್, ಬಿ ಡಿವಿಷನ್ ಎರಡರದ್ದೂ ಒಂದೇ ಪುಸ್ತಕವಾದ್ದರಿಂದ ಎರಡೂ ಹಿಂದೆ ಹೋಗುತ್ತವೆ. ಬೇರೆ ಬೇರೆ ಖಾತೆಯಲ್ಲಿ ಆಡಿದರೆ ಸಾಕು ಎಂದು ಆ ಹುಡುಗಿ ನಂಬಿದ್ದರಲ್ಲಿ ತಪ್ಪಿಲ್ಲ. ಆಟದ ಮಟ್ಟಿಗೆ ಅದು ನಿಜವೇ. ಆದರೆ ಸೇವ್ ಸ್ಟೇಟಿಗೆ ಖಾತೆಗಳು ಕಾಣುವುದಿಲ್ಲ, ಕಾಣುವುದು 2048 ಬೈಟಿನ ಒಂದು ಚಿಪ್ಪು ಮಾತ್ರ.

ಆ ಸಂಜೆ

ಫೋಲ್ಡರ್ ತೆರೆದಾಗ ಉಳಿದ ಕಥೆ ತಾನಾಗಿ ಸಿಕ್ಕಿತು. ಸ್ಟೇಟ್ ಫೈಲುಗಳು ಎರಡು, ಒಂದೊಂದಕ್ಕೂ ಸ್ಲಾಟ್ ಎಂಬ ಸಂಖ್ಯೆಯ ಜಾಗ. ಸ್ಲಾಟ್ 0 ಮೇ ತಿಂಗಳದ್ದು, ಪಕ್ಕದಲ್ಲಿರುವ ಚಿಕ್ಕ ಚಿತ್ರದಲ್ಲಿ ಹಳದಿ ರೆಕ್ಕೆವಸ್ತ್ರ ಹಾಕಿದ ಮಾರಿಯೋ. ಸ್ಲಾಟ್ 3 ಆಟಿ ತಿಂಗಳದ್ದು (ತುಳುವರ ಮಳೆಗಾಲದ ತಿಂಗಳು, ಜುಲೈ-ಆಗಸ್ಟ್). ಎಸ್‌ಆರ್‌ಎಂ ಫೈಲ್ ಕೊನೆಯ ಸಲ ಬರೆದಾದದ್ದು ಚೌತಿಯ ಸಂಜೆ 6.42ಕ್ಕೆ.

ಪೂಜೆ ಮುಗಿದು ಮಕ್ಕಳೆಲ್ಲ ಲ್ಯಾಪ್‌ಟಾಪಿನ ಎದುರು ಸೇರಿದ್ದರು. ಮಾರಿಯೋ ಹಾರುವುದನ್ನು ತೋರಿಸು ಎಂದರು. ಹಾರುವ ವಸ್ತ್ರ ಅವಳ ಬಿಯಲ್ಲಿ ಅವತ್ತು ಕೈಯಲ್ಲಿರಲಿಲ್ಲ. ಮೇ ತಿಂಗಳಲ್ಲಿ ಅದು ಇದ್ದಾಗ ಎಫ್2 ಒತ್ತಿದ್ದು ನೆನಪಾಯಿತು. ಎಫ್4 ಒತ್ತಿದಳು. ಹತ್ತು ನಿಮಿಷ ಹಾರಿಸಿದಳು, ಮಕ್ಕಳು ಕುಣಿದರು, ಉಂಡೆ ತಿನ್ನಲು ಕರೆದರು, ಮುಚ್ಚಿ ಎದ್ದಳು. ಎಲ್ಲಿಯೂ ಸೇವ್ ಮಾಡಲಿಲ್ಲ. ಸೇವ್ ಮಾಡದಿದ್ದರೆ ಏನೂ ಬದಲಾಗುವುದಿಲ್ಲ ಎಂಬುದು ಅವಳ ಲೆಕ್ಕ.

ಇಲ್ಲಿ ನನ್ನ ಹೆಸರನ್ನೂ ಬರೆಯಬೇಕು. ನಾನು ಇಟ್ಟಿದ್ದ ಹತ್ತು ಸೆಕೆಂಡಿನ ಏರ್ಪಾಡಿಗೆ ಗೊತ್ತಿರುವುದು ಒಂದೇ: ಮೆಮರಿಯಲ್ಲಿರುವ ಸೇವ್ ಚಿಪ್ಪೂ ಡಿಸ್ಕಿನಲ್ಲಿರುವ ಫೈಲೂ ಬೇರೆಯಾಗಿದ್ದರೆ ಫೈಲನ್ನು ಬರೆ. ಎಫ್4 ಒತ್ತಿದ ಹತ್ತು ಸೆಕೆಂಡಿನೊಳಗೆ ಅದು ಮೇ ತಿಂಗಳ ಪುಸ್ತಕವನ್ನು ನಂಬಿಕೆಯಿಂದ ಚೌತಿಯ ಪುಸ್ತಕದ ಮೇಲೆ ಬರೆದುಬಿಟ್ಟಿತು. ಆ ಏರ್ಪಾಡು ಇಲ್ಲದಿದ್ದರೆ ಫೈಲು ಬರೆದಾಗುವುದು ಆಟ ಮುಚ್ಚುವಾಗ. ಅಷ್ಟರೊಳಗೆ ಕರೆಂಟ್ ಹೋಗಿದ್ದರೆ ಮಾಸ್ಟ್ರ 83 ಉಳಿಯುತ್ತಿತ್ತು! ಯಾವುದನ್ನು ಶತ್ರು ಎಂದುಕೊಂಡು ಬೇಲಿ ಹಾಕಿದ್ದೆನೋ ಅದೇ ಕಾಪಾಡಬಹುದಿತ್ತು. ಇದನ್ನು ಮಾಸ್ಟ್ರ ಎದುರು ಹೇಳಿದಾಗ ಭಾವ ಮಾತ್ರ ನಕ್ಕರು.

ಆಟದೊಳಗಿನ ಕಾವಲೂ ಹೀಗೇ ಮೋಸಹೋಯಿತು. ತಾಳೆ ನೋಡುವ ಎರಡು ಬೈಟು, ನಕಲು ಪ್ರತಿ, ಎಲ್ಲ ಇದ್ದವು. ಆದರೆ ಮೇ ತಿಂಗಳ ಪುಸ್ತಕದಲ್ಲಿ ಮೊತ್ತ ತಪ್ಪಿರಲಿಲ್ಲ, ನಕಲಿಗೂ ಮೂಲಕ್ಕೂ ವ್ಯತ್ಯಾಸ ಇರಲಿಲ್ಲ. ಕೆಟ್ಟದ್ದನ್ನು ಹಿಡಿಯಬಲ್ಲ ಕಾವಲಿಗೆ ಹಳತನ್ನು ಹಿಡಿಯಲು ಬರುವುದಿಲ್ಲ.

ಒಂದು ಬಾಗಿಲು ತೆರೆದೇ ಇತ್ತು, ಅದೂ ಆ ಸಂಜೆಗೆ ಮಾತ್ರ. ರೆಟ್ರೋಆರ್ಚಿನಲ್ಲಿ ಎಫ್1 ಒತ್ತಿದರೆ ಬರುವ ಮೆನುವಿನಲ್ಲಿ, ಸ್ಟೇಟ್ ಲೋಡ್ ಮಾಡಿದ್ದನ್ನು ರದ್ದು ಮಾಡುವ ಆಯ್ಕೆ ಉಂಟು. ಆಟ ಮುಚ್ಚುವ ಮೊದಲು ಅದನ್ನು ಒತ್ತಿದ್ದರೆ ಲೋಡ್ ಮಾಡುವುದಕ್ಕೆ ಮುಂಚಿನ ಕ್ಷಣ ಮರಳುತ್ತಿತ್ತು, ಅದರೊಂದಿಗೆ 83ರ ಪುಸ್ತಕವೂ. ಮುಚ್ಚಿದ ಮೇಲೆ ಅದು ಇಲ್ಲ.

ವಾಪಸ್ ತಂದದ್ದು

ಮೊದಲು ಇಡೀ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿದೆ. ಮುಂದಿನ ಪ್ರಯೋಗವೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ, ಆ ನಕಲಿನ ಮೇಲೆ, ಹತ್ತು ಸೆಕೆಂಡಿನ ಏರ್ಪಾಡನ್ನು ಆರಿಸಿಟ್ಟು. ಎಮ್ಯುಲೇಟರನ್ನೂ ಮಾಸ್ಟ್ರ ಯಂತ್ರದಿಂದಲೇ ಎತ್ತಿಕೊಂಡೆ. ಎಸ್‌ಆರ್‌ಎಂ ಯಾವ ಕಾಲಕ್ಕೂ ನಡೆದೀತು, ಆದರೆ ಸ್ಟೇಟ್ ಫೈಲ್ ಅದನ್ನು ಮಾಡಿದ ಎಮ್ಯುಲೇಟರಿಗೆ ಅಂಟಿಕೊಂಡಿರುತ್ತದೆ. ಬೇರೆ ಎಮ್ಯುಲೇಟರ್ ಅದನ್ನು ತೆರೆಯುವುದಿಲ್ಲ, ಅದೇ ಎಮ್ಯುಲೇಟರಿನ ಹೊಸ ಆವೃತ್ತಿಯೂ ತೆರೆದೀತು ಎನ್ನುವಂತಿಲ್ಲ. ಬೆಳಿಗ್ಗೆ ಬಂದವನೇ 'ಒಮ್ಮೆ ಅಪ್‌ಡೇಟ್ ಮಾಡಿ ನೋಡುವ' ಎಂದು ಕೈ ಹಾಕಿದ್ದೆ. ಮನೆಯ ನೆಟ್ ಕೈಕೊಟ್ಟಿದ್ದರಿಂದ ಆಗಲಿಲ್ಲ. ಆ ನೆಟ್ಟಿಗೆ ಒಂದು ಕಾಯಿ ಒಡೆಯಬೇಕು.

ಎಸ್‌ಆರ್‌ಎಂ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದೆ, ಫೈಲಿನ ಒಂದೊಂದು ಬೈಟನ್ನೂ ಹದಿನಾರರ ಲೆಕ್ಕದಲ್ಲಿ (ಹೆಕ್ಸ್) ತೋರಿಸುವ ಪ್ರೋಗ್ರಾಂ ಅದು. ಎ ಖಾತೆಯ ಸಂಖ್ಯೆ ಇರುವುದು ಹೆಕ್ಸ್ ಲೆಕ್ಕದ 8ಸಿ ಜಾಗದಲ್ಲಿ. ಅಲ್ಲಿ 2ಎಫ್, ಅಂದರೆ 47. ಬಿಯದ್ದು 11ಬಿಯಲ್ಲಿ, ಅಲ್ಲಿ 13, ಅಂದರೆ 19. ತಾಳೆ ಸರಿ ಇತ್ತು. ಊಹೆ ಖಾತ್ರಿಯಾಯಿತು, ಆದರೆ ಮಾಸ್ಟ್ರ ಮುಖ ಬದಲಾಗಲಿಲ್ಲ.

"ಬೇಕಾದರೆ ಇದನ್ನು ತಿದ್ದಿ 83 ಮಾಡಬಹುದು, ಮಾಸ್ಟ್ರೇ. ಬರೀ ಸಂಖ್ಯೆ ತಿದ್ದಿದರೆ ಸಾಲದು, ದಾರಿಗಳೆಲ್ಲ ಬೇರೆ ಬೈಟುಗಳಲ್ಲಿವೆ, ಅವನ್ನೂ ತಿದ್ದಿ ಮೊತ್ತವನ್ನೂ ಸರಿ ಮಾಡಬೇಕು. ಆಗುವಂಥದ್ದೇ."

"ಹಾಜರಿ ತಿದ್ದುವ ಕೆಲಸ ಮೂವತ್ತೆರಡು ವರ್ಷದಲ್ಲಿ ಮಾಡಿದವನಲ್ಲ. ಈಗ ಮಾಡ್ತೇನಾ?" ಎಂದರು.

ಉಳಿದದ್ದು ಸ್ಲಾಟ್ 3. ಅದು ಹುಟ್ಟಿದ ಕಥೆ ಮೊಮ್ಮಗಳಿಗೆ ನೆನಪಿತ್ತು. ಆಟಿಯಲ್ಲಿ ಎರಡು ದಿನ ಬಂದಿದ್ದಾಗ ಅಜ್ಜ 'ಟ್ಯುಬುಲರ್' ಎಂಬ ಹಂತದಲ್ಲಿ ಸಿಕ್ಕಿಬಿದ್ದಿದ್ದರು. ಆಟದ ಗುಟ್ಟಿನ ಲೋಕವಾದ ಸ್ಪೆಷಲ್ ವರ್ಲ್ಡಿನ ಎರಡನೆಯ ಹಂತ. ಮಾರಿಯೋ ಬಲೂನಿನಂತೆ ಉಬ್ಬಿ ಗಾಳಿಯಲ್ಲಿ ತೇಲುತ್ತಾ ದಾಟಬೇಕು, ಗಾಳಿ ಇಳಿದರೆ ಕೆಳಗೆ. ಈ ಆಟ ಆಡಿದವರ ಎದುರು ಆ ಹೆಸರು ಹೇಳಿ ನೋಡಿ. ಅಜ್ಜನಿಗೆ ದಾಟಿಸಿಕೊಡಲು ಅವಳು ಅಜ್ಜನ ಎಯಲ್ಲಿ ಆಡುತ್ತಾ ಮಧ್ಯದಲ್ಲಿ ಸ್ಲಾಟ್ 3ಕ್ಕೆ ಒಂದು ಸ್ಟೇಟ್ ಇಟ್ಟಿದ್ದಳು. ಮರುದಿನ ಹಾಸ್ಟೆಲಿಗೆ ಹೋದಳು, ಹಂತ ದಾಟಲಿಲ್ಲ, ಸ್ಟೇಟನ್ನು ಇಬ್ಬರೂ ಮರೆತರು.

ಹಳೆಯ ಸ್ಟೇಟು ಹಳೆಯ ಪುಸ್ತಕವನ್ನು ತಂದು ಕೂರಿಸಿತು ಎಂದಾದರೆ, ಆಟಿಯ ಸ್ಟೇಟಿನೊಳಗೆ ಆಟಿಯ ಪುಸ್ತಕ ಇರಲೇಬೇಕು. ಸ್ಲಾಟ್ 3 ಲೋಡ್ ಮಾಡಿದೆ. ಉಬ್ಬಿದ ಮಾರಿಯೋ ಗಾಳಿಯಲ್ಲಿ ಕಾಣಿಸಿದ. ಏನನ್ನೂ ಒತ್ತದೆ ಆಟವನ್ನು ಮುಚ್ಚಿದೆ. ಪುನಃ ತೆರೆದೆ. ಎ 78, ಬಿ 31.

ಮೊಮ್ಮಗಳು ಆಟಿಯ ನಂತರ ಆಡಿಯೇ ಇರಲಿಲ್ಲವಾದ್ದರಿಂದ ಅವಳದ್ದು ಪೂರ್ತಿ ಬಂತು. ಅಜ್ಜನದ್ದು ಐದು ಕಡಿಮೆ. ನಾನು ಅಷ್ಟಕ್ಕೆ ಸಮಾಧಾನಪಟ್ಟು ಎದ್ದಿದ್ದೆ. ಮಾಸ್ಟ್ರು ಡೈರಿಯ ಮೇಲೆ ಬೆರಳಿಟ್ಟರು. ಆ ಆಟಿಯ ದಿನದ ಪುಟದಲ್ಲಿ ಹೀಗಿತ್ತು: "79. ಸೇವ್ ಆಗಿಲ್ಲ."

ಅವರು ಹೇಳಿದ್ದು ಸರಿ, ನಾನು ಅವಸರ ಮಾಡಿದ್ದೆ. ಸ್ಟೇಟಿನೊಳಗೆ ಲೆಕ್ಕ ಎರಡು ಕಡೆ ಇರುತ್ತದೆ. ಸೇವ್ ಚಿಪ್ಪಿನಲ್ಲಿ ಇರುವುದು ಕೊನೆಯ ಸಲ ನಾಚುಗುಂಡನ ಮನೆಯಲ್ಲಿ ಬರೆಸಿದ 78. ಆಟದ ಮೆಮರಿಯಲ್ಲಿ ಆ ಹೊತ್ತಿಗೆ ನಡೆಯುತ್ತಿದ್ದ ಲೆಕ್ಕ 79, ಯಾಕೆಂದರೆ ಟ್ಯುಬುಲರಿನ ಹಿಂದಿನ ಹಂತವನ್ನು ಅದೇ ದಿನ ದಾಟಿದ್ದರು, ಸೇವ್ ಮಾಡಿಸಿ ಬಂದಿರಲಿಲ್ಲ. ಸುಮ್ಮನೆ ಲೋಡ್ ಮಾಡಿ ಮುಚ್ಚಿದರೆ ಸಿಗುವುದು ಪುಸ್ತಕದ ಲೆಕ್ಕ ಮಾತ್ರ. ನಡೆಯುತ್ತಿರುವ ಲೆಕ್ಕವೂ ಬೇಕಿದ್ದರೆ ಸ್ಟೇಟಿನೊಳಗಿನಿಂದಲೇ ಆಡುತ್ತಾ ಹೋಗಿ ಆಟದ ಕೈಯಲ್ಲೇ ಬರೆಸಬೇಕು.

ಪುನಃ ಸ್ಲಾಟ್ 3. ಈ ಸಲ ಕಂಟ್ರೋಲರ್ ಮಾಸ್ಟ್ರ ಕೈಗೆ. ದಾಟದ ಹಂತದಿಂದ ಅರ್ಧದಲ್ಲಿ ಹೊರಗೆ ಬರಲು ಆಟ ಬಿಡುವುದಿಲ್ಲ. ಹಾಗಾಗಿ ಮಾರಿಯೋನನ್ನು ಬೇಕೆಂದೇ ಬೀಳಿಸಿದರು. ಒಂದು ಜೀವ ಹೋಯಿತು, ನಕಾಶೆ ಬಂತು. ಅಲ್ಲಿಂದ ಸ್ಟಾರ್ ರೋಡ್ ಎಂಬ ಲೋಕಕ್ಕೆ ಹಿಂದೆ ಬಂದು, ನಕ್ಷತ್ರ ಹಿಡಿದು ಡೋನಟ್ ಪ್ಲೇನ್ಸ್ ಎಂಬ ಲೋಕಕ್ಕೆ ಇಳಿದು, ಅಲ್ಲಿನ ನಾಚುಗುಂಡನ ಮನೆಯನ್ನು ದಾಟಿದರು. ಆಟ ಕೇಳಿತು, ಸೇವ್ ಮಾಡಲೇ? ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ಮಾಡಿದರು. ಮುಚ್ಚಿ ತೆರೆದಾಗ 79.

ನಾಲ್ಕು ಹೋಯಿತು. ಯಾವ ನಾಲ್ಕು ಎಂದು ಡೈರಿಯಲ್ಲಿತ್ತು. ವಾರದೊಳಗೆ ಪುನಃ ಮಾಡಿದರೆಂದು ಫೋನಿನಲ್ಲಿ ಹೇಳಿದರು. ಎರಡನೇ ಸಲಕ್ಕೆ ಸುಲಭವಂತೆ.

ಬದಲಾಯಿಸಿದ್ದು

ಹತ್ತು ಸೆಕೆಂಡಿನ ಏರ್ಪಾಡನ್ನು ತೆಗೆಯಲಿಲ್ಲ. ಲ್ಯಾಪ್‌ಟಾಪಿಗೆ ಬ್ಯಾಟರಿ ಇಲ್ಲ, ಮಳೆ ನಿಂತಿಲ್ಲ, ಅದು ಬೇಕು. ಅದರ ಜೊತೆಗೆ ರೆಟ್ರೋಆರ್ಚಿನ ಸೇವಿಂಗ್ ಸೆಟ್ಟಿಂಗಿನಲ್ಲಿ ಇನ್ನೊಂದನ್ನು ಆನ್ ಮಾಡಿದೆ: ಸ್ಟೇಟ್ ಲೋಡ್ ಮಾಡುವಾಗ ಸೇವ್ ರ್‍ಯಾಮನ್ನು ಮುಟ್ಟಬೇಡ ಎಂಬುದು. ಮೊದಲ ದಿನವೇ ಮಾಡಬೇಕಿತ್ತು. ಈಗ ಎಫ್4 ಒತ್ತಿದರೆ ಶಾಲೆ ಹಿಂದಕ್ಕೆ ಹೋದರೂ ಹಾಜರಿ ಪುಸ್ತಕ ಇವತ್ತಿನದ್ದೇ ಇರುತ್ತದೆ. ಇದಕ್ಕೂ ಒಂದು ಎಚ್ಚರ ಉಂಟು. ಹಳೆಯ ಸ್ಟೇಟಿನೊಳಗೆ ಆಡುತ್ತಾ ಹೋಗಿ ಆಟದಲ್ಲೇ ಸೇವ್ ಒತ್ತಿದರೆ, ಆ ಸ್ಟೇಟು ಯಾವ ಖಾತೆಯದ್ದೋ ಆ ಖಾತೆಗೆ ಹಳೆಯ ಲೆಕ್ಕ ಬಂದು ಕೂರುತ್ತದೆ. ಸ್ಲಾಟ್ 3 ಎಯದ್ದು. ಆದ್ದರಿಂದ ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಂದ ತೆಗೆದು ಪೆನ್ ಡ್ರೈವಿನಲ್ಲಿಟ್ಟೆ.

ಆಟ ಮುಚ್ಚಿದ ಮೇಲೆ ಒತ್ತಲು ಡೆಸ್ಕ್‌ಟಾಪಿನಲ್ಲಿ ಒಂದು ಸಣ್ಣ ಬ್ಯಾಚ್ ಫೈಲ್ ಇಟ್ಟೆ. ಸೇವ್ ಫೋಲ್ಡರನ್ನು ಆ ದಿನದ ತಾರೀಕಿನ ಹೆಸರಲ್ಲಿ ಪೆನ್ ಡ್ರೈವಿಗೆ ನಕಲು ಮಾಡುತ್ತದೆ, ಅಷ್ಟೇ ಅದರ ಕೆಲಸ. ಎರಡು ಕೆಬಿಯ ಫೈಲು, ದಿನಕ್ಕೊಂದರಂತೆ ಇಟ್ಟರೂ ಮಾಸ್ಟ್ರ ಆಯುಷ್ಯಕ್ಕೆ ಆ ಪೆನ್ ಡ್ರೈವ್ ತುಂಬುವುದಿಲ್ಲ ಎಂದು ಹೇಳಹೊರಟು, ಮಾತು ಬದಲಿಸಿದೆ. ಎಫ್4 ಕೀಯ ಮೇಲೆ ಅಮ್ಮನವರು ಬ್ಯಾಂಡ್-ಏಡ್ ಅಂಟಿಸಿದ್ದಾರೆ. ಅದರ ಅಗತ್ಯ ಈಗ ಅಷ್ಟಿಲ್ಲ, ಆದರೆ ತೆಗೆಯಿರಿ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಮೊಮ್ಮಗಳಿಗೆ ಬೇರೆಯೇ ಮನೆ ಮಾಡಿಕೊಟ್ಟೆ. ಎಮ್ಯುಲೇಟರ್ ಸೇವ್ ಹುಡುಕುವುದು ಆಟದ ಫೈಲಿನ ಹೆಸರಿನಿಂದ. ಆಟದ ಫೈಲನ್ನು ನಕಲು ಮಾಡಿ ಬೇರೆ ಹೆಸರಿಟ್ಟರೆ ಅದಕ್ಕೆ ಬೇರೆ ಎಸ್‌ಆರ್‌ಎಂ, ಬೇರೆ ಸ್ಟೇಟುಗಳು. ಅವಳ 31 ಹೋಗದಿರಲೆಂದು ಎ 78, ಬಿ 31 ಇದ್ದ ಎಸ್‌ಆರ್‌ಎಂ ಫೈಲನ್ನೇ ಹೊಸ ಹೆಸರಿನಲ್ಲಿ ನಕಲು ಮಾಡಿ, ಅವಳ ಮೊಬೈಲಿಗೂ ಹಾಕಿಕೊಟ್ಟೆ. ಪುಸ್ತಕ ಒಂದೇ ಆದ್ದರಿಂದ ಬಿಯ ಜೊತೆ ಅಜ್ಜನ ಎಯೂ ಮಂಗಳೂರಿಗೆ ಹೋಯಿತು. ಆಗ ಅದು ಯಾರ ತಲೆಗೂ ಹೊಳೆಯಲಿಲ್ಲ.

ದೀಪಾವಳಿಗೆ ಬಂದವಳು ಮೊಬೈಲ್ ತೆರೆದು ಅಜ್ಜನಿಗೆ ತೋರಿಸಿದಳು. ಹಾಸ್ಟೆಲಿನಲ್ಲಿ ರಾತ್ರಿ ಕೂತು ಅಜ್ಜನ ಎಯಲ್ಲೇ ಟ್ಯುಬುಲರ್ ದಾಟಿದ್ದಾಳೆ. ಅವಳ ಮೊಬೈಲಿನಲ್ಲಿ ಮಾರಿಯೋ ಎ 88. ಮಾಸ್ಟ್ರ ಲ್ಯಾಪ್‌ಟಾಪಿನಲ್ಲಿ ಮಾರಿಯೋ ಎ 86, ಟ್ಯುಬುಲರ್ ಇನ್ನೂ ಬಾಕಿ.

ಮಾಸ್ಟ್ರು ನನಗೆ ಫೋನು ಮಾಡಿದರು. "ಹಾಗಾದರೆ ಇದರಲ್ಲಿ ನನ್ನದು ಯಾವುದು, ಮಾರಾಯ?"

ನನಗೆ ಹೇಳಲು ಗೊತ್ತಾಗಲಿಲ್ಲ. ಎರಡಕ್ಕೂ ತಾಳೆ ಸರಿಯೇ ಇರುತ್ತದೆ. ಮುಂದಿನ ಸಲ ಹೋದಾಗ ಡೈರಿ ನೋಡಿದೆ. ಅಡಿಕೆ ರೇಟಿನ ಕೆಳಗೆ ಈಗ ಎರಡು ಸಾಲು: 'ಎ (ಪೆರ್ಲ)', 'ಎ (ಮಂಗಳೂರು)'. ಎರಡನೆಯದರ ಸಂಖ್ಯೆಯನ್ನು ವಾರಕ್ಕೊಮ್ಮೆ ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತಾರಂತೆ.